ನಮ್ಮ ಬಡಾವಣೆಯಲ್ಲಿ ತೀರಿಕೊಂಡವರ ನೆನಪಿಗೆ ಕಲಾ ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಸಮುದಾಯದ ಕಾಳಜಿ ತೋರಿಸಬೇಕು ಅನ್ನುವುದು ಉದ್ದೇಶ. ಪೆಂಡಾಲ್‌ಗೆ ದುಡ್ಡು ಎತ್ತಿಟ್ಟಿದ್ದೇವೆ, ಒಂದು ಚಿತ್ರಕಲಾ ಸ್ಪರ್ಧೆಯನ್ನೂ ಇಡುತ್ತೇವೆ. ಯಾರೂ ಅಳಬಾರದು, ಖುಷಿಯಾಗಿ ಮುಗಿಯಬೇಕು. ಯಾವ ಕಲಾವಿದರನ್ನು ಕರೆಸಬೇಕು?

ಯಾರನ್ನೂ ಕರೆಸಬೇಡಿ. ವೇದಿಕೆ ಬೇಡ, ಮೈಕ್ ಬೇಡ, ನೀವು ಬರೆದಿರುವ ಆ ಚಿತ್ರಕಲಾ ಸ್ಪರ್ಧೆಯಂತೂ ಬೇಡವೇ ಬೇಡ. ಬೆಂಗಳೂರಿನ ಬನಶಂಕರಿ ಕಡೆ ನಮ್ಮ ಬೀದಿಯವರು ಸೇರಿ ಇಂಥದ್ದೇ ಒಂದನ್ನು ಮಾಡಿದ್ದೆವು, ಹಳೇ ಬಟ್ಟೆ ತುಂಡುಗಳನ್ನು ಸೇರಿಸಿ ಕೌದಿ ಹೊಲಿದು. ಅದರ ಕಥೆ ಹೇಳುತ್ತೇನೆ.

2021ರ ಏಪ್ರಿಲ್, ಮೇನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ನಮ್ಮ ಬೀದಿಯಲ್ಲಿ ಒಂದರ ಹಿಂದೆ ಒಂದು ಸಾವು. ಚಿತಾಗಾರಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಸುಡುತ್ತಿದ್ದ ಕಾಲ ಅದು. ಯಾರೂ ತೆಗೆದುಕೊಂಡು ಹೋಗದ ನೂರಾರು ಜನರ ಅಸ್ಥಿಯನ್ನು ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು. ನಮ್ಮಲ್ಲಿ ತಿಥಿ ಮಾಡಿದ ಮನೆಗಳಲ್ಲೂ ಊಟಕ್ಕೆ ಕೂತವರು ಆ ಮನೆಯವರು ಮಾತ್ರ. ಅಳುವುದಕ್ಕೂ ಪಕ್ಕದಲ್ಲಿ ಒಬ್ಬರು ಬೇಕಲ್ವಾ? ಅದೂ ಸಿಗಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಬೀದಿಯ ಹುಡುಗಿಯೊಬ್ಬಳು ಅಮೆರಿಕದ ಏಡ್ಸ್ ಕ್ವಿಲ್ಟ್ ಬಗ್ಗೆ ಹೇಳಿದಳು, ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಅವರವರ ಕಡೆಯವರು ಬಟ್ಟೆಯಲ್ಲಿ ಹೊಲಿದ ದೊಡ್ಡ ಹೊದಿಕೆ ಅದು. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ 1,920 ತುಂಡುಗಳನ್ನು ಹಾಸಿದ್ದರಂತೆ. ಒಂದೊಂದೂ ಮೂರಡಿ ಅಗಲ, ಆರಡಿ ಉದ್ದ, ಒಂದು ಸಮಾಧಿಯಷ್ಟು. ಅಯ್ಯೋ, ಇದು ನಮ್ಮ ಕೌದಿಯೇ ಅಲ್ವಾ ಅನ್ನಿಸಿತು. ಹಿಂದಿನ ಕ್ರಾಸಿನಲ್ಲಿ ಕಲಘಟಗಿ ಕಡೆಯ ಅಜ್ಜಿಯೊಬ್ಬರಿದ್ದರು, ಕೌದಿ ಹೊಲಿಯುವುದು ಅವರಿಗೆ ಚೆನ್ನಾಗಿ ಗೊತ್ತು. ಅವರನ್ನೇ ಕೇಳಿದೆವು, ಒಪ್ಪಿದರು. ತೀರಿಕೊಂಡವರ ಬಟ್ಟೆ ಕೊಡಿ ಅಂತ ಮನೆಮನೆಗೆ ಹೋದೆವು.

ತಪ್ಪಾಗಿದ್ದು ಇಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನೀವೂ ಇಲ್ಲೇ ಎಡವುತ್ತೀರಿ ಅನ್ನುವ ಭಯ ನನಗೆ. ಒಂದು ಮನೆಯಲ್ಲಿ ಮಗ ಬೀರು ತೆಗೆದು ಅಮ್ಮನ ಸೀರೆಗಳ ಗಂಟನ್ನೇ ಕೊಟ್ಟ. ನಾವು ಖುಷಿಯಿಂದ ತಂದೆವು. ಅಜ್ಜಿ ಒಂದನ್ನು ಕೈಗೆ ತೆಗೆದುಕೊಂಡು, “ಇದು ಯಾರ ಸೀರಿ? ಮನ್ಯಾಗ ಎಲ್ಲಾರನ್ನೂ ಕೇಳೀರೇನ?” ಅಂದರು. ಕೇಳಿದ್ದೇವೆ ಅಜ್ಜಿ, ಮಗನೇ ಕೊಟ್ಟ ಅಂತ ನಾನೇ ಹೇಳಿದೆ. ಕತ್ತರಿಯನ್ನೂ ನಾನೇ ಹಾಕಿದೆ. ಆ ತಾಯಿಗೆ ಶಿವಮೊಗ್ಗಕ್ಕೆ ಕೊಟ್ಟ ಮಗಳೊಬ್ಬಳಿದ್ದಳು. ಬೇರೆ ಕಾಲವಾಗಿದ್ದರೆ ಕರ್ಮ ಮುಗಿದ ಮೇಲೆ ಹೆಣ್ಣುಮಕ್ಕಳು ಕೂತು ಅಮ್ಮನ ಸೀರೆ ಹಂಚಿಕೊಳ್ಳುತ್ತಾರೆ, ನೀನು ಇದಿಟ್ಟುಕೋ, ನನಗೆ ಅದು ಕೊಡು ಅಂತ. ಲಾಕ್‌ಡೌನ್‌ನಲ್ಲಿ ಅವಳು ಬರಲಾಗಲಿಲ್ಲ, ಹಂಚಿಕೆ ಆಗಲಿಲ್ಲ, ಸೀರೆಗಳು ಬೀರುವಿನಲ್ಲೇ ಉಳಿದವು. ಯಾರಿಗೂ ಬೇಡವಾಗಿ ಉಳಿದಿದ್ದಲ್ಲ, ಅವಳು ಬರಲಿ ಅಂತ ಉಳಿದಿದ್ದು. ಎಲ್ಲ ಮನೆಗಳಲ್ಲೂ ಹೀಗೇ ಆಗಿರುತ್ತದೆ ಅನ್ನುವುದು ನನಗೆ ಹೊಳೆಯಬೇಕಿತ್ತು. ಅಮೆರಿಕದಲ್ಲಿ ಕಳೆದುಕೊಂಡವರೇ ಕೂತು ಹೊಲಿದು ತಂದಿದ್ದರು. ನಾವು ಬೇರೆಯವರ ಬಾಗಿಲಿಗೆ ಹೋಗಿ ಬಟ್ಟೆ ಎತ್ತಿಕೊಂಡು ಬಂದೆವು. ವ್ಯತ್ಯಾಸ ಇರುವುದೇ ಅಲ್ಲಿ.

ಮಗಳು ಫೋನ್ ಮಾಡಿದಳು. ಬೈಯಲಿಲ್ಲ. “ಆ ಹಸಿರು ಸೀರೆ ಇದೆಯಾ ಆಂಟಿ?” ಅಂತ ಕೇಳಿದಳು, ಅಷ್ಟೇ. ಉಳಿದ ಸೀರೆಗಳನ್ನು ವಾಪಸ್ ಕೊಟ್ಟೆವು, ಆದರೆ ಹಸಿರು ಸೀರೆ ಅಷ್ಟರಲ್ಲಿ ತುಂಡಾಗಿತ್ತು. ಅಣ್ಣ ತಂಗಿ ಈಗಲೂ ಸರಿಯಾಗಿ ಮಾತಾಡುವುದಿಲ್ಲ.

ಆಮೇಲೂ ಹೊಲಿದೆವು, ನಿಲ್ಲಿಸಲಿಲ್ಲ. ಬಟ್ಟೆಯನ್ನು ಆ ಮನೆಯವರೇ ತರಬೇಕು, ಅವರೇ ಕತ್ತರಿಸಬೇಕು, ದೂರದ ಮಕ್ಕಳಿಗೆ ಮೊದಲು ಫೋನ್ ಹೋಗಬೇಕು ಅಂತ ಅಜ್ಜಿ ಕಟ್ಟುನಿಟ್ಟು ಮಾಡಿದರು. ಕತ್ತರಿಸಲು ಮನಸ್ಸಿಲ್ಲದವರು ಸುಮ್ನೆ ಬಂದು ಬೇರೆಯವರ ತುಂಡಿಗೆ ಹೊಲಿಗೆ ಹಾಕಬಹುದು. ಹಳೇ ಕಾಟನ್ ಸೀರೆ, ಪಂಚೆ ಒಳ್ಳೆಯದು. ರೇಷ್ಮೆ ಜಾರುತ್ತದೆ, ಜರಿ ಚುಚ್ಚುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರಲ್ಲ, ಆ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಒಳಗೆ ಹೊಲಿಯುತ್ತಾ ಹೋಗುತ್ತಾರೆ, ನಾವೂ ಹಾಗೇ ಮಾಡಿದೆವು. ಸುತ್ತ ಎಷ್ಟೋ ಜನ ಕೂರಬಹುದು, ಮುಂದೆ ಹೋದ ಹಾಗೆ ಹತ್ತಿರ ಆಗುತ್ತಾರೆ. ಮುಖ ನೋಡಿ ಮಾತಾಡಬೇಕಿಲ್ಲ, ಕಣ್ಣು ಸೂಜಿಯ ಮೇಲಿರುತ್ತದೆ. ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಗಂಡನನ್ನು ಕಳೆದುಕೊಂಡ ಒಬ್ಬರು ಪೆನ್ಷನ್ ಇನ್ನೂ ಬಂದಿಲ್ಲ ಅಂತ ಅಲ್ಲೇ ಹೇಳಿದ್ದು, ಮರುದಿನ ಇಬ್ಬರು ಅವರ ಜೊತೆ ಬ್ಯಾಂಕಿಗೆ ಹೋದರು. ನೀವು ‘ಸಮುದಾಯದ ಕಾಳಜಿ’ ಅಂತ ಬರೆದಿದ್ದೀರಲ್ಲ, ನನ್ನ ಪ್ರಕಾರ ಅದು ಇದೇ.

ಕಾರ್ಯಕ್ರಮದಲ್ಲಿ ಯಾರೂ ಅಳಬಾರದು, ಖುಷಿಯಾಗಿ ಮುಗಿಯಬೇಕು ಅಂತಲೂ ಕೇಳಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಅಳಲಿ ಬಿಡಿ. ನೀರು ಕೊಡಿ, ಪಕ್ಕದಲ್ಲಿ ಕೂತಿರಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಪೆಂಡಾಲ್‌ಗೆ ಎತ್ತಿಟ್ಟಿರುವ ದುಡ್ಡಿನಲ್ಲಿ ನೂಲು, ಸೂಜಿ, ಜಮಖಾನ ತೆಗೆದುಕೊಳ್ಳಿ, ಉಳಿದಿದ್ದನ್ನು ಊಟಕ್ಕೆ ಹಾಕಿ. ಮೊದಲ ದಿನ ಕತ್ತರಿ ತರಲೇಬೇಡಿ. ಬಟ್ಟೆ ತಂದವರು ಅದರ ಕಥೆ ಹೇಳಲಿ, ಬೇಕಾದರೆ ಮನೆಗೆ ವಾಪಸ್ ತೆಗೆದುಕೊಂಡು ಹೋಗಲಿ.