‘ಗೌಡ’ ಎನ್ನುವುದು ಜಾತಿಯ ಹೆಸರೋ, ಮನೆತನದ ಹೆಸರೋ?

ಮೂಲದಲ್ಲಿ ಎರಡೂ ಅಲ್ಲ, ಅದೊಂದು ಹುದ್ದೆ. ಕೋಲಾರ, ತುಮಕೂರು ಸೀಮೆಯ ಹಳೆಯ ಶಾಸನಗಳಲ್ಲಿ ‘ಗಾಮುಂಡ’, ‘ಗಾವುಂಡ’ ಎಂದು ಬರುತ್ತದೆ. ಊರಿನ ಯಜಮಾನ ಎಂದರ್ಥ. ಕಂದಾಯ ಎತ್ತುವುದು, ಗಡಿ ತಕರಾರು ಬಿಡಿಸುವುದು, ದತ್ತಿಗೆ ಸಾಕ್ಷಿ ನಿಲ್ಲುವುದು ಅವನ ಕೆಲಸ. ಗಂಡಸರದೇ ಹುದ್ದೆಯೂ ಆಗಿರಲಿಲ್ಲ: 10ನೇ ಶತಮಾನದಲ್ಲಿ ಬನವಾಸಿ ಕಡೆಯ ನಾಗರಖಂಡದಲ್ಲಿ ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ನಾಳ್ಗಾವುಂಡಳಾಗಿ, ಅಂದರೆ ನಾಡಿನ ಯಜಮಾನಿಯಾಗಿ, ಆಡಳಿತ ನಡೆಸಿದಳು. ಇದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಹುದ್ದೆ ತಲೆಮಾರಿನಿಂದ ತಲೆಮಾರಿಗೆ ಬಂದು ಹೆಸರಿಗೆ ಅಂಟಿಕೊಂಡಿತು. ವಂಶಪಾರಂಪರ್ಯ ಪಟೇಲಿಕೆ, ಶಾನುಭೋಗಿಕೆಗಳು 1961ರ ಕಾಯ್ದೆಯಿಂದ ರದ್ದಾದವು. ಹೆಸರು ಮಾತ್ರ ಉಳಿಯಿತು.

ನಮ್ಮ ತುಮಕೂರು ಕಡೆ ಗೌಡ ಎಂದರೆ ಒಕ್ಕಲಿಗರು ಎಂದೇ ಜನ ಭಾವಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. ಕುರುಬರಲ್ಲೂ ಗೌಡರಿದ್ದಾರೆ, ಉತ್ತರ ಕರ್ನಾಟಕದಲ್ಲಿ ಲಿಂಗಾಯತ ಗೌಡರಿದ್ದಾರೆ. ಹೆಸರು ನೋಡಿ ಜಾತಿ ಊಹಿಸುವ ಅಭ್ಯಾಸವೇ ನನಗೆ ಹಿಡಿಸುವುದಿಲ್ಲ.

ಇನ್ನು ಬಳಕೆ. ನಮ್ಮ ತಾತಂದಿರ ಕಾಲದಲ್ಲಿ ಅದು ಬೇರೆ ಪದವಾಗಿರಲಿಲ್ಲ. ರಾಮೇಗೌಡ, ತಿಮ್ಮೇಗೌಡ ಎಂದು ಹೆಸರಿನೊಳಗೇ ಬೆರೆತಿತ್ತು. ಹೆಣ್ಣುಮಕ್ಕಳು ಗೌರಮ್ಮ, ನಂಜಮ್ಮ. ಊರು, ತಂದೆಯ ಹೆಸರು ಇನಿಷಿಯಲ್‌ಗಳಲ್ಲಿ ಇರುತ್ತಿದ್ದವು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಅಂಕಣ ಎದುರಾದಾಗ ನಮ್ಮವರು ತಡವರಿಸುವುದು ಇದಕ್ಕೇ. ಈಗ ಹುಡುಗಿಯರೂ ಹೆಸರಿನ ಮುಂದೆ ಗೌಡ ಎಂದು ಬಿಡಿಯಾಗಿ ಬರೆದುಕೊಳ್ಳುತ್ತಾರೆ.