ಜಿಂಕ್ ಜಾಸ್ತಿಯಾದರೆ ತಾಮ್ರಕ್ಕೆ ಕುತ್ತು

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಕೂದಲು ಉದುರುತ್ತದೆ ಎಂದು ಒಂದೂವರೆ ವರ್ಷದಿಂದ ದಿನಾ ಜಿಂಕ್ ಮಾತ್ರೆ ನುಂಗುತ್ತಿದ್ದೇನೆ. ಡಾಕ್ಟರು ಬರೆದುಕೊಟ್ಟಿದ್ದಲ್ಲ, ನಾನೇ ಶುರು ಮಾಡಿದ್ದು. ಈಗ ರಕ್ತ ಕಡಿಮೆ ಇದೆ ಎನ್ನುತ್ತಾರೆ. ಮೂರು ತಿಂಗಳು ಕಬ್ಬಿಣದ ಮಾತ್ರೆ ತೆಗೆದುಕೊಂಡರೂ ಹಿಮೋಗ್ಲೋಬಿನ್ 9 ದಾಟುತ್ತಿಲ್ಲ. ಅಂಗಾಲು ಜುಮ್ಮೆನ್ನುತ್ತದೆ. ಜಿಂಕ್ ಎರಡು ಮಾತ್ರೆ ಮಾಡಲೇ? ಡಬ್ಬಿಯ ಫೋಟೊ ಕಳಿಸಿದ್ದೇನೆ.

ಉತ್ತರ: ಬೇಡ. ಎರಡೂ ಬೇಡ, ಒಂದೂ ಬೇಡ. ಇದೇ ವಾರ ವೈದ್ಯರನ್ನು ನೋಡಿ, ಹೋಗುವಾಗ ಆ ಡಬ್ಬಿಯೂ ಜೊತೆಗಿರಲಿ.

ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಲೇಬಲ್ ಮೇಲೆ ಜಿಂಕ್ ಸಲ್ಫೇಟ್ 220 ಮಿ.ಗ್ರಾಂ. ಎಂದಿದೆ. ಅದರಲ್ಲಿ ಅಪ್ಪಟ ಜಿಂಕ್ ಸುಮಾರು 50 ಮಿ.ಗ್ರಾಂ., ಮಿಕ್ಕಿದ್ದು ಸಲ್ಫೇಟ್ ಮತ್ತು ಹರಳಿನೊಳಗಿನ ನೀರು. ಈ ಲೆಕ್ಕ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಹಾಗಂತ 50 ಕಡಿಮೆ ಏನಲ್ಲ. ಅಮೆರಿಕದ ಪಟ್ಟಿಯ ಪ್ರಕಾರ ಹೆಂಗಸರಿಗೆ ದಿನಕ್ಕೆ 8 ಮಿ.ಗ್ರಾಂ. ಸಾಕು, ಗಂಡಸರಿಗೆ 11. ಊಟ, ಮಾತ್ರೆ ಎಲ್ಲ ಸೇರಿ 40 ದಾಟಬಾರದು. ನೀವು ಒಂದೂವರೆ ವರ್ಷದಿಂದ ದಿನಾ ಆ ಗೆರೆ ದಾಟುತ್ತಿದ್ದೀರಿ.

ದಾಟಿದರೆ ಆಗುವುದೇನು ಅಂದರೆ, ತಾಮ್ರ ಕಳೆದುಹೋಗುತ್ತದೆ. ಜಿಂಕ್ ಜಾಸ್ತಿ ಬಂತೆಂದರೆ ಕರುಳಿನ ಒಳಗೋಡೆಯ ಕೋಶಗಳು ಮೆಟಲೋಥಯೊನಿನ್ ಎಂಬ ಪ್ರೋಟೀನನ್ನು ಜಾಸ್ತಿ ಮಾಡುತ್ತವೆ. ಲೋಹವನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಆದರೆ ಅದಕ್ಕೆ ಜಿಂಕ್‌ಗಿಂತ ತಾಮ್ರದ ಮೇಲೇ ಮೋಹ. ಸಿಕ್ಕಿದ ತಾಮ್ರವನ್ನು ತಬ್ಬಿಕೊಂಡು ಕೂತುಬಿಡುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ಈ ಕೋಶಗಳೋ ಕೆಲವೇ ದಿನದ ಅತಿಥಿಗಳು. ಉದುರಿ ಮಲದಲ್ಲಿ ಹೊರಟುಹೋಗುತ್ತವೆ, ತಬ್ಬಿಕೊಂಡಿದ್ದ ತಾಮ್ರದ ಸಮೇತ. ಈ ಜಗಳವನ್ನೇ ವೈದ್ಯರು ಔಷಧಿಯಾಗಿಯೂ ಬಳಸುತ್ತಾರೆ. ವಿಲ್ಸನ್ ಕಾಯಿಲೆಯವರಿಗೆ ಮೈಯಲ್ಲಿ ತಾಮ್ರ ತುಂಬಿಕೊಳ್ಳುತ್ತದೆ ನೋಡಿ, ಅವರಿಗೆ ಜಿಂಕ್ ಕೊಡುವುದು ಅದಕ್ಕೇ.

ತಾಮ್ರ ಹೋದರೆ ರಕ್ತಕ್ಕೇನು ಎಂದು ಕೇಳಬಹುದು. ಕಬ್ಬಿಣ ತಾನಾಗಿ ಓಡಾಡುವುದಿಲ್ಲ. ಶೇಖರವಾದ ಜಾಗದಿಂದ ಹೊರಬಂದು ರಕ್ತ ತಯಾರಾಗುವ ಮಜ್ಜೆಗೆ ಹೋಗಬೇಕಾದರೆ ತಾಮ್ರ ಇರುವ ಪ್ರೋಟೀನುಗಳ ನೆರವು ಬೇಕು. ಉಗ್ರಾಣ ತುಂಬಿದೆ, ಬೀಗದಕೈ ಇಲ್ಲ. ಹಾಗಾಗಿ ಕಬ್ಬಿಣ ಎಷ್ಟು ಸುರಿದರೂ ಹಿಮೋಗ್ಲೋಬಿನ್ ಮೇಲೇಳುವುದಿಲ್ಲ. ಬಿಳಿ ರಕ್ತಕಣವೂ ಇಳಿಯಬಹುದು. ನನಗೆ ಹೆಚ್ಚು ಚಿಂತೆ ಹತ್ತಿಸಿದ್ದು ನಿಮ್ಮ ಅಂಗಾಲು. ತಾಮ್ರದ ಕೊರತೆ ನರಗಳನ್ನೂ ಬೆನ್ನುಹುರಿಯನ್ನೂ ಕೆಡಿಸುತ್ತದೆ. ತಾಮ್ರ ಸರಿಹೋದರೆ ರಕ್ತ ಬೇಗ ಸುಧಾರಿಸುತ್ತದೆ, ನರ ಪೂರ್ತಿ ವಾಪಸು ಬರುವ ಭರವಸೆ ಇಲ್ಲ. ಹಲ್ಲಿನ ಸೆಟ್ ಅಂಟಿಸುವ ಕ್ರೀಮಿನಲ್ಲೂ ಜಿಂಕ್ ಇರುತ್ತಿತ್ತು. ಸಡಿಲ ಸೆಟ್ಟಿಗೆ ಟ್ಯೂಬ್‌ಗಟ್ಟಲೆ ಬಳಿದುಕೊಂಡವರಿಗೆ ನಡಿಗೆಯೇ ಕೆಟ್ಟಿದ್ದನ್ನು 2008ರಲ್ಲಿ ವೈದ್ಯರು ವರದಿ ಮಾಡಿದರು.

ನಿಮಗೆ ಇದೇ ಆಗಿದೆ ಎಂದು ಪತ್ರ ನೋಡಿ ಹೇಳಲು ನಾನು ಜ್ಯೋತಿಷಿಯಲ್ಲ. ಬಿ12 ಕೊರತೆಯೂ ಹೀಗೇ ಕಾಣುತ್ತದೆ. ಮುಟ್ಟಿನ ರಕ್ತಸ್ರಾವ, ಹೊಟ್ಟೆಯೊಳಗಿನ ರಕ್ತಸ್ರಾವ ಇವನ್ನೂ ನೋಡಬೇಕು. ರಕ್ತದಲ್ಲಿ ತಾಮ್ರ, ಸೆರುಲೋಪ್ಲಾಸ್ಮಿನ್ (ತಾಮ್ರ ಹೊರುವ ಪ್ರೋಟೀನು), ಜಿಂಕ್, ಬಿ12, ಫೆರಿಟಿನ್ (ಕಬ್ಬಿಣ ಶೇಖರಿಸುವ ಪ್ರೋಟೀನು) ಪರೀಕ್ಷೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ದಯವಿಟ್ಟು ಈ ಉತ್ತರ ಓದಿ ತಾಮ್ರದ ಮಾತ್ರೆ ಕೊಳ್ಳಲು ಓಡಬೇಡಿ! ಜಿಂಕ್ ಕಥೆ ಶುರುವಾಗಿದ್ದೂ ಹಾಗೇ ಅಲ್ವಾ?

ಜಿಂಕ್ ಕೆಟ್ಟದ್ದು ಎನ್ನುತ್ತಿಲ್ಲ. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಡಾ. ಆನಂದ ಪ್ರಸಾದ್ ಅವರ ಮುಂದೆ 21 ವರ್ಷದ ಯುವಕನೊಬ್ಬ ಬಂದ. ನೋಡಲು ಹತ್ತು ವರ್ಷದ ಹುಡುಗ. ತಿನ್ನುತ್ತಿದ್ದದ್ದು ಹೆಚ್ಚುಕಡಿಮೆ ಬರೀ ರೊಟ್ಟಿ, ಜೊತೆಗೆ ಮಣ್ಣು. ಧಾನ್ಯದಲ್ಲಿರುವ ಫೈಟೇಟ್ ಜಿಂಕನ್ನು ಕಟ್ಟಿಹಾಕುತ್ತದೆ. ಮನುಷ್ಯನ ಬೆಳವಣಿಗೆಗೆ ಜಿಂಕ್ ಬೇಕೇ ಬೇಕು ಎಂಬುದು ಅಲ್ಲಿಂದ ಮುಂದೆ, ಈಜಿಪ್ಟಿನಲ್ಲಿ ಅವರು ಮಾಡಿದ ಕೆಲಸದಿಂದ ಸ್ಪಷ್ಟವಾಯಿತು. ಕೊರತೆ ಇದ್ದವರಿಗೆ ಅದು ಸಂಜೀವಿನಿಯೇ. ನಿಮಗೆ ಕೊರತೆ ಇತ್ತೋ ಇಲ್ಲವೋ, ಯಾರೂ ನೋಡಿರಲಿಲ್ಲ.

ಇನ್ನೊಂದು ಮಾತು, ನನ್ನದೇ. ವರ್ಷಗಳ ಹಿಂದೆ ನೆಗಡಿಗೆ ಒಳ್ಳೆಯದು ಎಂದು ಖಾಲಿ ಹೊಟ್ಟೆಯಲ್ಲಿ ಇಂಥದೇ ಮಾತ್ರೆ ನುಂಗಿ ಡ್ಯೂಟಿಗೆ ಹೋದೆ. ಲಿಫ್ಟು ಮೂರನೇ ಮಹಡಿಗೆ ಬರುವಷ್ಟರಲ್ಲಿ ಬಿಳಿ ಕೋಟಿನ ಮೇಲೇ ವಾಂತಿ. ಡಯಟೀಶಿಯನ್ ಎಂಬ ಬ್ಯಾಡ್ಜೂ ಅದರ ಮೇಲೇ ಇತ್ತು.

ಪ್ರಶ್ನೆ: ಒಂದು ಚಿಟಿಕೆ ಕೂದಲು ಕಳಿಸಿದರೆ ಮೈಯಲ್ಲಿರುವ ಎಲ್ಲ ಖನಿಜಗಳ ಲೆಕ್ಕ ಕೊಡುತ್ತಾರಂತೆ. ಮಾಡಿಸಬಹುದೇ?

ಉತ್ತರ: ದುಡ್ಡು ಉಳಿಸಿ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಬ್ಬರದೇ ಕೂದಲನ್ನು ಪಾಲು ಮಾಡಿ ಅಮೆರಿಕದ ಆರು ಲ್ಯಾಬ್‌ಗಳಿಗೆ ಕಳಿಸಿದರು. ಹನ್ನೆರಡು ಖನಿಜಗಳಲ್ಲಿ ಒಂದು ಲ್ಯಾಬಿನ ಅಂಕಿಗೂ ಇನ್ನೊಂದರ ಅಂಕಿಗೂ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂತು. ತಲೆ ಒಂದೇ, ಜಾತಕ ಆರು! ಶಾಂಪೂ, ಬಣ್ಣ, ನೀರು ಎಲ್ಲವೂ ಕೂದಲಿಗೆ ಅಂಟುತ್ತವೆ. ಪಾದರಸದಂಥ ವಿಷ ಮೈ ಸೇರಿದೆಯೇ ಎಂದು ನೋಡಲು ಕೂದಲು ಉಪಯೋಗಕ್ಕೆ ಬರುತ್ತದೆ, ಅದು ಬೇರೆ ವಿಷಯ.

ಪ್ರಶ್ನೆ: ಕಬ್ಬಿಣದ ಮಾತ್ರೆಯನ್ನು ಬೆಳಗ್ಗೆ ಕಾಫಿ ಜೊತೆ ನುಂಗಿದರೆ ತಪ್ಪೇ? ಒಂದು ದಿನ ಮರೆತರೆ?

ಉತ್ತರ: ಕಾಫಿ, ಟೀ ಎರಡೂ ಕಬ್ಬಿಣವನ್ನು ಹಿಡಿದು ನಿಲ್ಲಿಸುತ್ತವೆ. ಒಂದೆರಡು ಗಂಟೆ ಅಂತರ ಕೊಡಿ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನೂ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ವಿಟಮಿನ್ ಸಿ ಇರುವ ಹಣ್ಣು ಜೊತೆಗಿದ್ದರೆ ಲಾಭ. ಒಂದು ದಿನ ಮರೆತಿದ್ದಕ್ಕೆ ಕೊರಗಬೇಡಿ. ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಕಬ್ಬಿಣಕ್ಕೆ ಬಾಗಿಲು ಅರ್ಧ ಮುಚ್ಚುತ್ತದೆ. ಅದಕ್ಕೇ ಕೆಲವು ವೈದ್ಯರು ಈಗ ದಿನ ಬಿಟ್ಟು ದಿನ ಕೊಡುತ್ತಾರೆ. ನಿಮ್ಮ ವೈದ್ಯರು ದಿನಾ ಎಂದಿದ್ದರೆ ಅವರನ್ನು ಕೇಳದೆ ಬದಲಾಯಿಸಬೇಡಿ.

ಪ್ರಶ್ನೆ: ಗುಲಾಬಿ ಉಪ್ಪಿನಲ್ಲಿ ಎಂಬತ್ತಕ್ಕೂ ಹೆಚ್ಚು ಖನಿಜ ಇದೆಯಂತೆ. ನಮ್ಮ ಸೊಸೆ ಅಯೋಡಿನ್ ಉಪ್ಪು ಬಿಟ್ಟು ಅದನ್ನೇ ತಂದಿದ್ದಾಳೆ. ಅವಳು ನಾಲ್ಕು ತಿಂಗಳ ಗರ್ಭಿಣಿ.

ಉತ್ತರ: ಅಮ್ಮಾ, ಅಯೋಡಿನ್ ಉಪ್ಪಿಗೆ ವಾಪಸು ಬರಲು ಹೇಳಿ. ನಮಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಎಪ್ಪತ್ತು ವರ್ಷದ್ದು ಒಟ್ಟು ಹಾಕಿದರೂ ನಾಲ್ಕು ಗ್ರಾಂ ಆಗುವುದಿಲ್ಲ, ಒಂದು ಚಮಚವೂ ತುಂಬುವುದಿಲ್ಲ. ಗರ್ಭಿಣಿಗೆ ಮಾತ್ರ ದಿನಕ್ಕೆ 250 ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವಿನ ಮಿದುಳು ಬೆಳೆಯುವುದು ಥೈರಾಯ್ಡ್ ಹಾರ್ಮೋನಿನ ಭರವಸೆಯಲ್ಲಿ, ಆ ಹಾರ್ಮೋನಿಗೆ ಅಯೋಡಿನ್ನೇ ಬೇಕು. ಗುಲಾಬಿ ಉಪ್ಪಿಗೆ ಸಾಮಾನ್ಯವಾಗಿ ಅದನ್ನು ಬೆರೆಸಿರುವುದಿಲ್ಲ. ಉಳಿದ ಖನಿಜಗಳು ಇವೆ, ಸುಳ್ಳಲ್ಲ. ಆದರೆ ಅವು ಲೆಕ್ಕಕ್ಕೆ ಬರಬೇಕಾದರೆ ಉಪ್ಪನ್ನು ಬಟ್ಟಲುಗಟ್ಟಲೆ ತಿನ್ನಬೇಕಾಗುತ್ತದೆ. ಅವಳಿಗೆ ಮೊದಲೇ ಥೈರಾಯ್ಡ್ ತೊಂದರೆ ಇದ್ದರೆ ವೈದ್ಯರಿಗೆ ತಿಳಿಸಲಿ.

ಆ ಬಣ್ಣ ಬರುವುದು ಕಬ್ಬಿಣದ ತುಕ್ಕಿನಂಥ ಅಂಶದಿಂದ. ನೋಡಲು ಚೆನ್ನಾಗಿದೆ, ಅದನ್ನು ನಾನೂ ಒಪ್ಪುತ್ತೇನೆ.