ಕಾಫಿ ಎಸ್ಟೇಟಿನ ಮದುವೆಗೆ ಬೆಂಗಳೂರಿನಿಂದ ಹೋಗುವ ಫೋಟೋಗ್ರಾಫರ್ ಏನೇನು ನೋಡಿಕೊಳ್ಳಬೇಕು?

ಇಷ್ಟು ದಿನ ಬೆಂಗಳೂರಿನ ಛತ್ರಗಳಲ್ಲೇ ಮದುವೆ ಫೋಟೋ ತೆಗೆದಿದ್ದೀರಿ. ಈಗ ಫೆಬ್ರವರಿ ಕೊನೆಗೆ ಸಕಲೇಶಪುರದ ಎಸ್ಟೇಟಿನಲ್ಲಿ ಎರಡು ದಿನದ ಮದುವೆ ಒಪ್ಪಿಕೊಂಡಿದ್ದೀರಿ. ಯಾವ ಲೆನ್ಸ್ ಬಾಡಿಗೆಗೆ ತರಲಿ, ಎಷ್ಟು ದುಡ್ಡು ಕೇಳಲಿ ಅಂತ ಪ್ರಶ್ನೆ. ನಾನೂ ಬಸವನಗುಡಿ, ಜಯನಗರದ ಛತ್ರಗಳಲ್ಲೇ ಕೆಲಸ ಕಲಿತವನು. ಲೆನ್ಸ್ ವಿಷಯ ಆಮೇಲೆ ನೋಡೋಣ. ಮೊದಲು ಮಂಟಪ ಎಲ್ಲಿ ಹಾಕುತ್ತಾರೆ, ಯಾವ ದಿಕ್ಕಿಗೆ ಹಾಕುತ್ತಾರೆ ಅಂತ ವಿಚಾರಿಸಿ. ಫೋಟೋ ಹೇಗೆ ಬರುತ್ತದೆ ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಛತ್ರದ ಬೆಳಕು ಚೆನ್ನಾಗಿರುವುದಿಲ್ಲ, ನಿಜ. ಆದರೆ ಬೆಳಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಅದೇ ಬೆಳಕು. ಒಂದು ಸಲ ಸೆಟ್ಟಿಂಗ್ ಮಾಡಿಕೊಂಡರೆ ಮುಗಿಯಿತು. ಎಸ್ಟೇಟಿನಲ್ಲಿ ಮಂಜಿದ್ದಾಗ ಒಂದು ಬೆಳಕು, ಬಿಸಿಲು ಬಿದ್ದ ಮೇಲೆ ಇನ್ನೊಂದು. ಸಂಜೆ ಸೂರ್ಯ ಗುಡ್ಡದ ಹಿಂದೆ ಬೇಗ ಮರೆಯಾಗುತ್ತಾನೆ. ಬೆಂಗಳೂರಿನ ಲೆಕ್ಕದಲ್ಲಿ ಆರು ಗಂಟೆಗೆ ಕಪಲ್ ಶೂಟ್ ಇಟ್ಟುಕೊಂಡರೆ ಕತ್ತಲೇ ಗತಿ.

ಧಾರೆಯ ಹೊತ್ತನ್ನೇ ತೆಗೆದುಕೊಳ್ಳಿ. ಅಂತರಪಟ ಹಿಡಿದಿರುತ್ತಾರೆ, ಗಂಡು ಹೆಣ್ಣು ಎದುರುಬದುರು ನಿಂತಿರುತ್ತಾರೆ. ಸಾಮಾನ್ಯವಾಗಿ ಒಬ್ಬರ ಮುಖ ಪೂರ್ವಕ್ಕೆ, ಇನ್ನೊಬ್ಬರದ್ದು ಪಶ್ಚಿಮಕ್ಕೆ. ಮುಹೂರ್ತ ಎಂಟೂವರೆಗಿದ್ದರೆ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ. ಒಬ್ಬರು ಕಣ್ಣು ಕಿರಿದು ಮಾಡಿಕೊಂಡಿರುತ್ತಾರೆ, ಇನ್ನೊಬ್ಬರ ಮುಖ ಪೂರ್ತಿ ನೆರಳು. ಗಟ್ಟಿಮೇಳ ಶುರುವಾಗಿ, ಅಂತರಪಟ ಸರಿದು, ಇಬ್ಬರೂ ಜೀರಿಗೆ ಬೆಲ್ಲ ಹಾಕಿ ನಗುವುದು ಕೆಲವೇ ಸೆಕೆಂಡು. ಆಗ ಎಕ್ಸ್‌ಪೋಶರ್ ಸರಿ ಮಾಡುತ್ತಾ ನಿಂತರೆ ಅಷ್ಟೇ ಕಥೆ! ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ, ಅಸಿಸ್ಟೆಂಟನ್ನು ಅಲ್ಲಿ ನಿಲ್ಲಿಸಿ ನೋಡಿ. ಬಿಸಿಲು ಬರುವ ಕಡೆ ಒಂದು ಬಿಳಿ ತೆಳು ಪರದೆ ಇಳಿಬಿಡಿ ಅಂತ ಡೆಕೊರೇಶನ್‌ನವರಿಗೆ ಹೇಳಿ. ಮಂಟಪದ ದಿಕ್ಕನ್ನೇ ತಿರುಗಿಸಿ ಅಂತ ಪುರೋಹಿತರನ್ನು ಕೇಳಲು ಹೋಗಬೇಡಿ, ಅದು ಆಗುವ ಮಾತಲ್ಲ. ಅದರ ಬದಲು ಯಾವ ಶಾಸ್ತ್ರದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಕೇಳಿ, ಖುಷಿಯಾಗಿ ಹೇಳುತ್ತಾರೆ.

ಮಂಟಪದ ಮೇಲಿನ ಬಟ್ಟೆ ಬಿಳಿಯೋ ಕೆನೆ ಬಣ್ಣವೋ ಇರಲಿ. ಗುಲಾಬಿ ಬಟ್ಟೆ ಹಾಕಿದರೆ ಅಜ್ಜಿಯಿಂದ ಹಿಡಿದು ಮಗುವಿನ ತನಕ ಎಲ್ಲರೂ ಗುಲಾಬಿ. ಸುತ್ತ ಗಿಡಮರ ಜಾಸ್ತಿ ಇರುವುದರಿಂದ ಮುಖದ ಮೇಲೆ ಹಸಿರು ಛಾಯೆಯೂ ಬೀಳುತ್ತದೆ. ಕ್ಯಾಮೆರಾ ತಾನೇ ಬಣ್ಣ ಸರಿಮಾಡುತ್ತದೆ ಅಂತ ಆಟೋ ವೈಟ್ ಬ್ಯಾಲೆನ್ಸ್ ನಂಬಿಕೊಂಡು ಜೆಪೆಗ್‌ನಲ್ಲಿ ತೆಗೆಯಬೇಡಿ, ರಾ (RAW) ಫೈಲ್ ಇಟ್ಟುಕೊಳ್ಳಿ, ಬಣ್ಣ ಆಮೇಲೆ ತಿದ್ದಬಹುದು. ಸಿಲ್ವರ್ ಓಕ್ ಮರಗಳ ಕೆಳಗೆ ಗ್ರೂಪ್ ಫೋಟೋ ಅಂದರೆ ಎಲ್ಲರಿಗೂ ಆಸೆ. ಮಧ್ಯಾಹ್ನ ಬೇಡ, ಮುಖದ ತುಂಬ ಬಿಸಿಲಿನ ಚುಕ್ಕೆ ಬೀಳುತ್ತದೆ.

ಹೋದ ಕೂಡಲೇ ಎಸ್ಟೇಟಿನ ರೈಟರ, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರ ಪರಿಚಯ ಮಾಡಿಕೊಳ್ಳಿ. ತೋಟದ ಇಂಚಿಂಚೂ ಅವರಿಗೆ ಗೊತ್ತಿರುತ್ತದೆ. ಸಕಲೇಶಪುರ, ಆಲೂರು ಕಡೆ ಕಾಡಾನೆ ಕಾಟ ಸುಮ್ನೆ ಹೇಳುವ ಮಾತಲ್ಲ. ಮಂಜಿನ ಫೋಟೋ ಬೇಕು ಅಂತ ನಸುಕಿನಲ್ಲಿ ಮದುಮಕ್ಕಳನ್ನು ತೋಟದೊಳಗೆ ಕರೆದುಕೊಂಡು ಹೋಗುವ ಮುಂಚೆ ರೈಟರನ್ನು ಕೇಳಿ. ಕಾಫಿ ಒಣಗಿಸುವ ಕಣ ದೊಡ್ಡದಾಗಿ, ಸಮತಟ್ಟಾಗಿ ಇರುತ್ತದೆ, ಗ್ರೂಪ್ ಫೋಟೋಗೆ ಹೇಳಿ ಮಾಡಿಸಿದ ಜಾಗ. ಆದರೆ ಫೆಬ್ರವರಿಯಲ್ಲಿ ಅಲ್ಲಿ ರೊಬಸ್ಟಾ ಕಾಫಿ ಹರಡಿರಬಹುದು. ಅದರ ಮೇಲೆ ಟ್ರೈಪಾಡ್ ಊರಿದರೆ ಮಾಲೀಕರು ಬೈಯದೆ ಇರುತ್ತಾರಾ? ಇನ್ನು ನಿಮ್ಮ ಅದೃಷ್ಟಕ್ಕೆ ಮೊದಲೇ ಒಂದು ಮಳೆ ಬಿದ್ದು ಹೂವಾಗಿದ್ದರೆ ಇಡೀ ತೋಟ ಬೆಳ್ಳಗೆ, ಘಮಘಮ. ಅದು ಎರಡು ಮೂರು ದಿನದ ಮಾತು ಅಷ್ಟೇ. ಆಗ ದಾರಿಯಲ್ಲೇ ನಿಲ್ಲಿಸಿ ತೆಗೆಯಿರಿ, ಗಿಡಗಳ ನಡುವೆ ಜೋಡಿಯನ್ನು ನುಗ್ಗಿಸಬೇಡಿ. ಉದುರಿದ ಹೂವೆಲ್ಲ ಅವರ ಮುಂದಿನ ಫಸಲು, ಅಲ್ವಾ?

ಡ್ರೋನ್ ಬೇಕೇ ಬೇಕು ಅನ್ನುತ್ತಾರೆ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ದುಡ್ಡಿಗೆ ಹಾರಿಸುವವರ ಹತ್ತಿರ ಪೈಲಟ್ ಸರ್ಟಿಫಿಕೇಟ್ ಇರಬೇಕು. ಅದಿರುವವರನ್ನೇ ಕರೆಯಿರಿ. ಮುಹೂರ್ತದ ಹೊತ್ತಿಗೆ ಮಾತ್ರ ಅದು ನೆಲದ ಮೇಲೇ ಇರಲಿ, ಆ ಗುಂಯ್ ಸದ್ದಿನಲ್ಲಿ ನಾದಸ್ವರ ಯಾರಿಗೆ ಕೇಳಿಸುತ್ತದೆ?

ಲೆನ್ಸ್‌ಗೆ ಬರೋಣ. 24-70, 70-200 ಎಂಎಂ ಜೂಮ್ ಲೆನ್ಸ್‌ಗಳು ನಿಮ್ಮ ಹತ್ತಿರ ಇದ್ದರೆ ಸಾಕು. ರಾತ್ರಿಯ ಸಂಗೀತಕ್ಕೆ ಒಂದು 35 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಬಾಡಿಗೆಗೆ ತನ್ನಿ. ಅದಕ್ಕಿಂತ ಮುಖ್ಯ, ಎರಡನೇ ಕ್ಯಾಮೆರಾ ಬಾಡಿ ಮತ್ತು ಎರಡನೇ ಫ್ಲ್ಯಾಶ್. ಬೆಂಗಳೂರಿನಲ್ಲಾದರೆ ಗೆಳೆಯರಿಗೆ ಫೋನ್ ಮಾಡಿ ತರಿಸಬಹುದು. ಅಲ್ಲಿಗೆ ಸುಮಾರು 220 ಕಿಲೋಮೀಟರ್, ಎಷ್ಟೋ ಎಸ್ಟೇಟಿನಲ್ಲಿ ಫೋನ್ ಸಿಗ್ನಲ್ಲೂ ಇರುವುದಿಲ್ಲ. ಸೀರಿಯಲ್ ಸೆಟ್, ಎಲ್‌ಇಡಿ ಬೆಳಕಿನಲ್ಲಿ ಫೋಟೋದ ಮೇಲೆ ಪಟ್ಟೆ ಕಂಡರೆ ಶಟರ್ ವೇಗವನ್ನು 1/100 ಸೆಕೆಂಡಿಗೆ ಇಳಿಸಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಬೆಳಕು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಬಹಳ ಸಲ ಪಟ್ಟೆ ಅಲ್ಲಿಗೆ ಹೋಗುತ್ತದೆ. ಬ್ಯಾಟರಿಗಳನ್ನೆಲ್ಲ ಮೊದಲ ರಾತ್ರಿಯೇ ಚಾರ್ಜ್ ಮಾಡಿಟ್ಟುಕೊಳ್ಳಿ, ಮದುವೆ ದಿನ ಜನರೇಟರ್ ಪೂರ್ತಿ ಅಡುಗೆಯವರದ್ದು, ಡಿಜೆಯದ್ದು.

ದುಡ್ಡು ಎಷ್ಟು ಅಂತ ನಾನು ಹೇಳಿದರೆ ತಪ್ಪಾಗುತ್ತದೆ, ನಿಮ್ಮ ರೇಟು ನಿಮಗೇ ಗೊತ್ತು. ಲೆಕ್ಕ ಮಾತ್ರ ಹೀಗೆ ಹಾಕಿ: ಮದುವೆ ಎರಡು ದಿನ, ನಿಮಗೆ ಹಿಡಿಯುವುದು ನಾಲ್ಕು ದಿನ. ಗಾಡಿ ಖರ್ಚು ಬೇರೆ. ಟೀಮಿಗೆ ರೂಮು ಎಸ್ಟೇಟಿನೊಳಗೇ ಕೊಡಬೇಕು ಅಂತ ಬರೆಸಿಕೊಳ್ಳಿ, ಪೇಟೆಯ ಲಾಡ್ಜಿನಲ್ಲಿ ಹಾಕಿದರೆ ಬೆಳಗಿನ ಬೆಳಕೆಲ್ಲ ಮಣ್ಣಿನ ರಸ್ತೆಯಲ್ಲೇ ಕಳೆಯುತ್ತದೆ. ಊಟದ ವಿಷಯವನ್ನೂ ಬರೆಸಿಕೊಳ್ಳಿ. ಫೋಟೋದವರಿಗೆ ಕೊನೇ ಪಂಕ್ತಿ, ಅಷ್ಟು ಹೊತ್ತಿಗೆ ಹೋಳಿಗೆ ಖಾಲಿ. ಜಯನಗರದಲ್ಲಾದರೆ ಹೊರಗೆ ಬಂದು ಯಾವುದೋ ದರ್ಶಿನಿಯಲ್ಲಿ ದೋಸೆ ತಿಂದು ಬರಬಹುದು, ಅಲ್ಲಿ ಹೋಟೆಲಿಗೆ ಹೋಗಬೇಕಾದರೂ ಜೀಪು ಬೇಕು.